ಇನ್ನೂರ ಹನ್ನೆರಡನೇ ಬಿಲ್ಲೆ

ಫೋನಿನ ಪರದೆಯಲ್ಲಿ ಆ ಹಿತ್ತಾಳೆ ಬಿಲ್ಲೆ ಕಂಡದ್ದೇ ತಡ, ಅಜ್ಜಿ ಮೊಮ್ಮಗಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಊರಿನ ಹಳೇ ಜಾಗಗಳ ಚರಿತ್ರೆ ತೋರಿಸುವ ಆ್ಯಪ್ ಅದು. ಪಾಳುಬಿದ್ದ ಗಿರಣಿಯ ಗೇಟಿಗೆ ಫೋನು ಹಿಡಿದರೆ ಸಾಕು, ನಲವತ್ತು ವರ್ಷದ ಹಿಂದೆ ಅದು ಸುಟ್ಟುಹೋದ ದಿನದ ಚಿತ್ರಗಳು ಬರುತ್ತಿದ್ದವು.

"ಇನ್ನೂರ ಹನ್ನೆರಡು ನನ್ನ ನಂಬರು ಕಣೆ. ಗೇಟಲ್ಲಿ ಬಿಲ್ಲೆ ನೋಡಿ ಒಳಗೆ ಬಿಡೋರು, ಮುಖ ಯಾರೂ ನೋಡ್ತಿರಲಿಲ್ಲ. ಒಂದು ದಿನ ತಪ್ಪಿಸಿದ್ರೂ ಕೆಲಸ ಹೋದ ಹಾಗೆ. ಕೆಳಗೇನು ಬರೆದಿದಾರೆ, ಓದು."

"ಗಿರಣಿಯವರು ಅಂದು ಮುಚ್ಚಿಟ್ಟ ಸಾವು. ಗುರುತು ಸಿಗದ ಹೆಣ್ಣಿನ ಕೈಯಲ್ಲಿದ್ದ ಬಿಲ್ಲೆ," ಎಂದು ಓದಿದ ಮೊಮ್ಮಗಳಿಗೆ ನಗು ಬಂತು. "ಏನೋ ತಪ್ಪಾಗಿದೆ ಬಿಡಜ್ಜಿ. ನೀನಿಲ್ಲಿ ಗುಂಡುಕಲ್ಲಿನ ಹಾಗಿದೀಯ."

ಅಜ್ಜಿ ನಗಲಿಲ್ಲ. "ಅವತ್ತು ಜ್ವರದಲ್ಲಿ ನಂಗೆ ಎಚ್ಚರವೇ ಇರಲಿಲ್ಲ. ಕಣ್ಣು ಬಿಟ್ಟಾಗ ಗಿರಣಿ ಸುಟ್ಟಿತ್ತು, ನನ್ನ ತಂಗಿ ಮನೇಲಿರಲಿಲ್ಲ. ಗಿರಣಿನೇ ಇಲ್ಲದ ಮೇಲೆ ಬಿಲ್ಲೆ ಯಾಕೆ ಅಂತ ನಾನು ಹುಡುಕ್ಲೇ ಇಲ್ಲ."

ಮೊಮ್ಮಗಳ ನಗು ನಿಂತಿತು. ಯಾರದೋ ಜೊತೆ ಓಡಿಹೋಗಿ ಮನೆತನದ ಮಾನ ಕಳೆದಳೆಂದು ಅಜ್ಜಿ ಇಷ್ಟು ವರ್ಷ ಶಪಿಸುತ್ತ ಬಂದದ್ದು ಅದೇ ತಂಗಿಯನ್ನು.

ಅಜ್ಜಿ ಪರದೆಯ ಮೇಲಿನ ಬಿಲ್ಲೆಯನ್ನು, ಮಸಿ ಹಿಡಿದಿದೆಯೇನೋ ಎಂಬಂತೆ, ಹೆಬ್ಬೆರಳಿನಿಂದ ಉಜ್ಜಿದಳು.

"ಅವಳು ಓಡಿಹೋಗ್ಲಿಲ್ಲ ಕಣೆ. ನನ್ನ ಕೆಲಸಕ್ಕೆ ಹೋಗಿದ್ಲು."