ಎಣ್ಣೆಗೆ ಕೊಟ್ಟ ಮಾತು

ಒಂದು ಮಾತನ್ನು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟರೆ ಅಂಗಡಿಯಲ್ಲಿ ಒಂದು ಕೂಪನ್. ಶಿವಲೀಲಾಳ ‘ಇಲ್ಲ’ ಸಕ್ಕರೆಗೆ, ‘ಸಾಕು’ ಬೇಳೆಗೆ ಹೋಗಿತ್ತು. ಮೊನ್ನೆ ‘ಬೇಡ’ವನ್ನೂ ಕೊಟ್ಟು ಅರ್ಧ ಬೆಲೆಗೆ ಎಣ್ಣೆ ತಂದಿದ್ದಳು. ಇವತ್ತು ಸಂಜೆ ನೋಡಿದರೆ ಒಬ್ಬ ಕುಡುಕನಿಗೆ ಮಗಳನ್ನು ಕೇಳಲು ಬರುತ್ತಾರೆ. ಗಂಡ ಒಪ್ಪಿಬಿಟ್ಟಿದ್ದಾನೆ, ತಡೆಯಬೇಕಾದವಳು ಇವಳೊಬ್ಬಳೇ.

“ಒಂದು ಮಾತಾದ್ರೂ ವಾಪಸ್ ಕೊಡಮ್ಮ!” ಶಿವಲೀಲಾ ಅಂಗಡಿಗೆ ಬಂದು ಗೋಗರೆದಳು.

“ತಿಂಗಳು ತುಂಬ್ಲಿ ಅಕ್ಕ,” ಅಂದಳು ಕೌಂಟರಿನ ರೇಷ್ಮಾ. “ಸೋಪು ಹಾಕ್ಲಾ?”

ಬೇಡವೆನ್ನಲು ಶಿವಲೀಲಾಳ ನಾಲಿಗೆ ಹೊರಳಲಿಲ್ಲ, ಕತ್ತೂ ಅಲ್ಲಾಡಲಿಲ್ಲ. ಸೋಪು ಚೀಲಕ್ಕೆ ಬಿತ್ತು.

“ಶಾಂಪೂ?”

ಮಂಡ್ಯದ ನಾದಿನಿಯರು ಆಡಿಕೊಂಡರೆಂದು ಇಪ್ಪತ್ತು ವರ್ಷದಿಂದ ನುಂಗಿಕೊಂಡಿದ್ದ ತವರು ಗದಗಿನ ಮಾತು ಆಗ ಬಾಯಿಗೆ ಬಂತು: “ಒಲ್ಲೆ!”

ರೇಷ್ಮಾಳ ಕಣ್ಣರಳಿತು. “ಇದು ನಮ್ ಪಟ್ಟೀಲೇ ಇಲ್ವಲ್ಲಕ್ಕ! ವರ್ಷದ ಎಣ್ಣೆ ಕೊಡಿಸ್ತೀನಿ, ಕೊಟ್ಬಿಡ್ತೀರಾ?”

ಶಿವಲೀಲಾ ಚೀಲವನ್ನು ಅಲ್ಲೇ ಬಿಟ್ಟು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಮನೆಯ ಕಡೆ ಓಡಿದಳು.