ಅವ್ವನ ಪಾಲಿನ ಹೆಬ್ಬಲಸು

ಇವತ್ತು ಯಳಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಚೀಲದಿಂದ ಹೆಬ್ಬಲಸಿನ ವಾಸನೆ ಬಂತು. ನನ್ನ ಬಸ್ಸು ಬಂದರೂ ಹತ್ತದೆ ನಿಂತೆ.

ನಾನಿನ್ನೂ ಚಿಕ್ಕವಳು, ಅವ್ವ ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದ ದಿನಗಳವು. ಆ ಮಧ್ಯಾಹ್ನ ಅಜ್ಜಿ ನನ್ನನ್ನು ಬೆಟ್ಟದಂಚಿನ ಹೆಬ್ಬಲಸಿನ ಮರದ ಕೆಳಗೆ ಕರೆದುಕೊಂಡು ಹೋಗಿದ್ದಳು. ಬಿದ್ದ ಹಣ್ಣಿನ ಮುಳ್ಳುಸಿಪ್ಪೆ ಬಿಡಿಸಿದರೆ ಒಳಗೆ ಅರಿಸಿನ ಬಣ್ಣದ ಪುಟ್ಟ ತೊಳೆಗಳು. ಬೆರಳಿಗೆಲ್ಲ ಅಂಟು.

"ಮನೆಯೋರ್ ಪಾಲ ಮೊದ್ಲು ಎತ್ತಿಡು, ಆಮೇಲ್ ಬಾಯ್ಗಾಕು" ಎನ್ನುವುದು ಅಜ್ಜಿಯ ಕಟ್ಟುನಿಟ್ಟು. ಅವ್ವನಿಗೆಂದು ದಪ್ಪ ತೊಳೆಗಳನ್ನೇ ಆರಿಸಿ ಮುತ್ತುಗದ ಎಲೆಯಲ್ಲಿ ಸುತ್ತಿಟ್ಟೆ.

ಅಷ್ಟರಲ್ಲಿ ಚಿಕ್ಕಪ್ಪ ಮೊಪೆಡ್ಡಿನಲ್ಲಿ ಬಂದ. ನನ್ನ ಕಡೆ ನೋಡದೆ ಅಜ್ಜಿಯನ್ನು ದೂರಕ್ಕೆ ಕರೆದು ಏನೋ ಹೇಳಿದ. ಅಜ್ಜಿ ಮರಕ್ಕೆ ಕೈಯೂರಿಕೊಂಡು ಸುಮಾರು ಹೊತ್ತು ನಿಂತಳು. ಆಮೇಲೆ ಬಂದು ಪಕ್ಕದಲ್ಲಿ ಕೂತು, ನಾನು ಸುತ್ತಿಟ್ಟಿದ್ದ ಎಲೆ ಬಿಚ್ಚಿದಳು.

"ಇದ್ನೂ ನೀನೇ ತಿನ್ಕೊ ಕಣವ್ವ."

"ಅವ್ವಂಗೆ?"

"ತಿನ್ನು. ಆಮೇಲ್ ಮನೆಗೋಗವ."

ಅಜ್ಜಿ ಹಾಗೆ ಹೇಳಿದ್ದು ಅದೇ ಮೊದಲು. ಅವಳು ಒಂದನ್ನೂ ಮುಟ್ಟಲಿಲ್ಲ. ಅಷ್ಟೂ ನನಗೇ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ, ಒಂದು ತೊಳೆಯನ್ನೂ ಬಿಡದೆ ತಿಂದೆ.