ಒಂದೂ ಆಕ್ಷೇಪಣೆ ಇಲ್ಲ

ನುಕಾಗಾ ಅವರ ಹತ್ತಿರ ತೊಚಿಸಾವಾ ಊರಿನ ಒಂದೂ ಆಕ್ಷೇಪಣೆ ಪತ್ರ ಇರಲಿಲ್ಲ.

ಪುರಸಭೆಯ ಹೊಸ ಭೂಬಳಕೆ ಯೋಜನೆಯ ಕರಡು ನಕ್ಷೆಯನ್ನು ಕೆಳಮಹಡಿಯ ಗೋಡೆಗೆ ಅಂಟಿಸಿ ಹತ್ತು ದಿನವಾಗಿತ್ತು. ಆಕ್ಷೇಪಣೆಗೆ ಇನ್ನು ನಾಲ್ಕೇ ದಿನ. ನಕ್ಷೆಯ ಮೇಲೊಂದು ಕೆಂಪು ಗೆರೆ. ಗೆರೆಯೊಳಗಿನ ಊರುಗಳಿಗೆ ಬಸ್ಸು ಬರುತ್ತದೆ, ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ಬರುತ್ತದೆ. ಹೊರಗಿನ ಊರುಗಳಿಗೆ ಏಪ್ರಿಲ್‌ನಿಂದ ಎರಡೂ ಇಲ್ಲ. ಬೆಟ್ಟದ ಮೇಲಿನ ಹನ್ನೊಂದು ಮನೆಗಳ ತೊಚಿಸಾವಾ ಹೊರಗಿತ್ತು.

ದಿನಾ ಸಂಜೆ ಐದಕ್ಕೆ ಯೋಜನಾ ವಿಭಾಗದ ಮುಖ್ಯಸ್ಥ ನುಕಾಗಾ ತಾವೇ ಇಳಿದು ಬಂದು ಆಕ್ಷೇಪಣೆ ಪತ್ರಗಳ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದರು.

“ತೊಚಿಸಾವಾದ್ದು?”

“ಇಲ್ಲ ಸರ್,” ಎನ್ನುತ್ತಿದ್ದಳು ಚಿಜುರು.

“ಇನ್ನೂ ಇಲ್ವಾ?” ಅವರು ಕತ್ತು ಉಜ್ಜಿಕೊಂಡು ಮೇಲೆ ಹೋಗುತ್ತಿದ್ದರು.

ಚಿಜುರು ವರ್ಷದ ಗುತ್ತಿಗೆಯ ಗುಮಾಸ್ತೆ. ನುಕಾಗಾ ಮುದ್ರೆ ಒತ್ತಿದರೆ ಮಾತ್ರ ಮುಂದಿನ ವರ್ಷವೂ ಕೆಲಸ. ಮೇಲಿನವರು ಹೇಳದೆ ಬಿಟ್ಟದ್ದನ್ನು ಗ್ರಹಿಸುವುದರಲ್ಲಿ ಕಚೇರಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವರು ಗಡಿಯಾರ ನೋಡಿದರೆ ಚಹಾ, ಕೆಮ್ಮಿದರೆ ಕಿಟಕಿ. ಇದುವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ಬೆಟ್ಟದ ಕೆಳಗಿನ ಕಾವಾಮುಕೈ ಊರಿನಿಂದ ಒಂದೇ ದಿನ ಇಪ್ಪತ್ತು ಪತ್ರ ಬಂದಾಗ ನುಕಾಗಾ ಹಾಡು ಗುನುಗುತ್ತ ಸ್ವೀಕೃತಿ ಮುದ್ರೆ ಒತ್ತಿದ್ದರು. ಪಾಪ, ಎಷ್ಟು ಚೆನ್ನಾಗಿ ಸಿಟ್ಟು ನುಂಗಿಕೊಳ್ಳುತ್ತಾರೆ ಅಂದುಕೊಂಡಿದ್ದಳು ಚಿಜುರು.

ಹನ್ನೊಂದನೆಯ ದಿನ ಅವರು ಅವಳ ಮೇಜಿನ ಹತ್ತಿರ ನಿಂತರು. ಕಣ್ಣು ಕಿಟಕಿಯಾಚೆ ಇತ್ತು.

“ತೊಚಿಸಾವಾದಲ್ಲಿ ನಿನ್ನ ಸೋದರಮಾವ ಇದ್ದಾರಲ್ವಾ?”

“ಹೌದು ಸರ್. ಅವರೇ ಊರಿನ ಮುಖ್ಯಸ್ಥರು.”

“ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬಾ. ಯೋಜನೆ ಬಗ್ಗೆ ನಾವು ಹೀಗ್ಮಾಡಿ ಹಾಗ್ಮಾಡಿ ಅನ್ನೋ ಹಾಗಿಲ್ಲ, ಗೊತ್ತಲ್ಲ. ಸುಮ್ನೆ ಕ್ಷೇಮ ಸಮಾಚಾರ.” ಮತ್ತೆ ಅಂದರು: “ಕೊನೇ ದಿನ ಯಾವುದು ಅನ್ನೋದು ಅವರಿಗೆ ಗೊತ್ತಿರತ್ತೆ ಅಲ್ವಾ?”

ಗೊತ್ತಾಯಿತು ಸರ್, ಎಂದು ಅವಳು ಸೊಂಟ ಬಗ್ಗಿಸಿದಳು. ನಿಜಕ್ಕೂ ಗೊತ್ತಾಗಿತ್ತು.

ಅವಳು ತೊಚಿಸಾವಾಕ್ಕೆ ಹೋದಾಗ ಮಾವ ಟೊಕುಜಿ ಬಚ್ಚಲ ಒಲೆಗೆ ಸೌದೆ ಒಟ್ಟುತ್ತಿದ್ದ. ಸಕ್ಕರೆ ಕಾಯಿಲೆ ಮೊದಲು ಕಣ್ಣು ಮಬ್ಬು ಮಾಡಿ ಕಾರು ಬಿಡಿಸಿತ್ತು, ಆಮೇಲೆ ಮೂತ್ರಪಿಂಡ ತಿಂದಿತ್ತು. ವಾರಕ್ಕೆ ಮೂರು ಸಲ, ಬೆಳಗಿನ ಆರೂ ನಲವತ್ತರ ಬಸ್ಸಿನಲ್ಲಿ ಡಯಾಲಿಸಿಸ್‌ಗೆ ಹೋಗುತ್ತಿದ್ದ.

“ಬಾರೇ ಕಚೇರಿಯಮ್ಮ. ಒಳಗೆ ಬರೋಕೂ ಅರ್ಜಿ ತುಂಬ್ಬೇಕೇನೋ ನಿಂಗೆ!”

“ಮಾವ, ಆಕ್ಷೇಪಣೆ ಬರೀತೀನಿ ಅಂತಿದ್ರಲ್ಲ...”

“ಬರ್ದಾಯ್ತು.” ಕಂದು ಲಕೋಟೆಯೊಂದನ್ನು ಎತ್ತಿ ತೋರಿಸಿದ. “ಹನ್ನೊಂದು ಮನೆ, ಹನ್ನೊಂದು ಪತ್ರ. ನಾಳೆ ಆಸ್ಪತ್ರೆಗೆ ಹೋಗುವಾಗ ನಿಮ್ಮ ಪೆಟ್ಟಿಗೇಲಿ ಹಾಕ್ತೀನಿ. ಬಸ್ ನಿಲ್ಸಿದ್ರೆ ನಾನೇನು ಈ ಕಣ್ಣಿಟ್ಕೊಂಡು ಸೈಕಲ್ ತುಳೀಲಾ?”

“ಹಾಕ್ಬೇಡಿ.”

ಟೊಕುಜಿ ಸೌದೆ ಕೆಳಗಿಟ್ಟ.

“ನಮ್ಮ ಸಾಹೇಬ್ರು ದಿನಾ ನಿಮ್ಮೂರ ಹೆಸರು ಹಿಡ್ದು ಕೇಳ್ತಾರೆ ಮಾವ. ಜೀವ ಕೈಲಿ ಹಿಡ್ಕೊಂಡಿದಾರೆ. ಗಲಾಟೆ ಮಾಡಿದ ಊರನ್ನ ಕಚೇರಿ ನೆನಪಿಟ್ಕೊಳ್ಳತ್ತೆ. ಸುಮ್ನಿದ್ದೋರ ಕೈ ಬಿಡಲ್ಲ. ಆಮೇಲೆ ಬಸ್ಸಿನ ವಿಷ್ಯ ನಾನೇ ಒಳಗಿಂದ ನೋಡ್ಕೋತೀನಿ.”

“ಅವ್ರು ಹಂಗಂದ್ರಾ?”

“ಅವ್ರು ಬಾಯಿಬಿಟ್ಟು ಅನ್ನಲ್ಲ. ನಂಗೆ ಗೊತ್ತಾಗತ್ತೆ.”

ಟೊಕುಜಿ ತೋಳಿನ ಮೇಲೆ ಉಬ್ಬಿದ್ದ ಸೂಜಿ ಚುಚ್ಚುವ ನರವನ್ನು ಸವರಿಕೊಂಡ. ಹತ್ತು ವರ್ಷದಿಂದ ಊರಿನ ಮುಖ್ಯಸ್ಥ. ಅವನು ಬೇಡ ಅಂದರೆ ಉಳಿದ ಹತ್ತು ಮನೆಯೂ ಬೇಡ ಅನ್ನುತ್ತಿದ್ದವು.

“ನಿನ್ನ ಕೆಲ್ಸಕ್ಕೆ ಕಲ್ಲು ಬೀಳತ್ತಾ ಇದ್ರಿಂದ?”

ಅವಳು ಬಗ್ಗಿ, ಅವನು ಕೆಳಗಿಟ್ಟಿದ್ದ ಸೌದೆಯನ್ನು ಒಲೆಗೆ ತಳ್ಳಿದಳು.

“ಹಂಗಾದ್ರೆ ಬಿಡು. ಯಾರಿಗೂ ತೊಂದ್ರೆ ಕೊಡೋ ಜನ ಅಲ್ಲ ನಾವು.” ಲಕೋಟೆಯನ್ನು ಒಲೆಯ ಬಾಯಿಗೆ ತುರುಕಿದ. “ಇವತ್ತು ನೀರು ಚೆನ್ನಾಗಿ ಕಾಯತ್ತೆ. ನೀನೇ ಮೊದ್ಲು ಸ್ನಾನ ಮಾಡು.”

ಹೊರಡುವಾಗ ಒಂದು ಬುಟ್ಟಿ ಅಣಬೆಯನ್ನೂ ಕೊಟ್ಟ. ಸಾಹೇಬರಿಗೆ ಅಂತ.

ಹದಿನಾಲ್ಕನೆಯ ದಿನ, ಸಂಜೆ ಐದು. ನುಕಾಗಾ ಪೆಟ್ಟಿಗೆ ತೆರೆದರು. ಒಳಗೆ ಕೈ ಹಾಕಿ ತಡವಿದರು. ಆಮೇಲೆ ಪೆಟ್ಟಿಗೆಯನ್ನೇ ತಲೆಕೆಳಗು ಮಾಡಿ ಅಲ್ಲಾಡಿಸಿದರು.

ಚಿಜುರುಗೆ ನಗು ತಡೆಯಲಾಗಲಿಲ್ಲ. “ತೊಚಿಸಾವಾ ಸೊನ್ನೆ ಸರ್. ಹನ್ನೊಂದು ಪತ್ರ ಸಿದ್ಧವಾಗಿದ್ವು. ನಾನೇ ಹೋಗಿ ತಡ್ದೆ.”

ನುಕಾಗಾ ಖಾಲಿ ಪೆಟ್ಟಿಗೆಯನ್ನು ಕೆಳಗಿಟ್ಟು, ಜೊತೆಗೆ ಬಾ ಎಂದು ಅವಳಿಗೆ ಸನ್ನೆ ಮಾಡಿದರು. ಮೇಲೆ ಹೋಗಿ, ಖಾನೆಯಿಂದ ನಕ್ಷೆಯ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದರು. ಅದೇ ಊರು, ಅದೇ ಕೆಂಪು ಗೆರೆ. ಆದರೆ ಇದರಲ್ಲಿ ಗೆರೆ ಬೆಟ್ಟ ಹತ್ತಿ, ಹನ್ನೊಂದು ಮನೆಗಳನ್ನು ಸುತ್ತಿ ಇಳಿದಿತ್ತು. ಪಕ್ಕದಲ್ಲಿ ಅವರದೇ ಕೈಬರಹ: ಆಕ್ಷೇಪಣೆಯ ಮೇರೆಗೆ ತಿದ್ದಿದೆ. ಕೊನೆಯ ಬಸ್ ನಿಲ್ದಾಣ, ತೊಚಿಸಾವಾ.

“ಬರೀರಿ ಅಂತ ನಾವು ಹೇಳೋ ಹಾಗಿಲ್ಲ,” ಅಂದರು. “ಅವರು ಬರೀದೆ ಗೆರೆ ತಿದ್ದೋ ಹಾಗೂ ಇಲ್ಲ. ಒಂದು ಪತ್ರ ಸಾಕಿತ್ತು.” ಸುರುಳಿಯನ್ನು ಅವಳತ್ತ ತಳ್ಳಿದರು. “ಕಾಗದ ಚೂರು ಮಾಡೋ ಯಂತ್ರಕ್ಕೆ ಹಾಕು.”

ಏಪ್ರಿಲ್‌ನಲ್ಲಿ ಅವಳ ಗುತ್ತಿಗೆ ಮುಂದುವರಿಯಿತು. ಮುಂದಿನ ಚಳಿಗಾಲ ಮುಗಿಯುವಷ್ಟರಲ್ಲಿ ತೊಚಿಸಾವಾದಿಂದ ಹೋದದ್ದು ಇಷ್ಟು: ದಿನಕ್ಕೆ ನಾಲ್ಕು ಬಸ್ಸು, ಒಂದು ಹಿಮದ ಗಾಡಿ, ಒಬ್ಬ ಟೊಕುಜಿ.